ದಿಂಬಿನ ಮೇಲಿನ ಕರಡಿಗೆ

"ನನ್ನ ಬಳೆ ಮುಟ್ಟಿದ ಕೈಯ ಸುಮ್ನೆ ಬುಡಾಕಿಲ್ಲ. ದೊಡ್ಡತ್ತೆ, ನಿಮಗೂ ಸೇರಿಸೇ ಯೋಳ್ತಿವ್ನಿ."

ಗುರುಶಾಂತಮ್ಮ ಇದನ್ನು ಕೂಗಿ ಹೇಳಲಿಲ್ಲ. ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಸಾರಿಗೆ ಉಪ್ಪು ಸಾಕೇ ಎಂದು ಕೇಳುವಷ್ಟು ಸಲೀಸಾಗಿ ಹೇಳಿದಳು. ಎದುರಿಗೆ ಅವಳ ಗಂಡನ ದೊಡ್ಡಮ್ಮ ಕುಳ್ಳಮ್ಮ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯಲ್ಲಿ ವಿಭೂತಿ, ಒಂದು ಬಿಳಿ ಸೀರೆ, ಬಳೆ ಒಡೆಯಲು ತಂದ ಗುಂಡುಕಲ್ಲು.

ನಾನು ಹನಗೋಡಿನಲ್ಲಿ ಬಸ್ಸು ಇಳಿದು ಹತ್ತು ನಿಮಿಷವೂ ಆಗಿರಲಿಲ್ಲ. ಗುರುಶಾಂತಮ್ಮ ಹೇಳಿಕಳಿಸಿದ್ದಳೆಂದು ಹುಣಸೂರಿನಿಂದ ನಿಂತುಕೊಂಡೇ ಬಂದಿದ್ದೆ. ದೊಣ್ಣೆ ಊರಿಕೊಂಡರೂ ಮಂಡಿ ನೋಯುತ್ತಿತ್ತು. ದಫೇದಾರ್ ಪುಟ್ಟಮಲ್ಲಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಪೊಲೀಸ್ ಇಲಾಖೆಯಲ್ಲಿ ಇದ್ದಷ್ಟು ದಿನವೂ ಅಂದರು, ಪಿಂಚಣಿ ಬಂದ ಮೇಲೂ ಅನ್ನುತ್ತಾರೆ. ಆ ತಟ್ಟೆಯನ್ನು ಕಂಡ ಕೂಡಲೇ ಅದು ನಿಜವೆಂದು ನನಗೇ ಅನ್ನಿಸಿತು.

"ಕುಳ್ಳಮ್ಮನೋರೆ, ಆ ಕಲ್ಲು ಕೆಳಗಿಡಿ" ಎಂದೆ. "ಇವಳ ಗಂಡ ಸತ್ತ ಅಂತ ಇನ್ನೂ ಗೊತ್ತಾಗಿಲ್ಲ."

ಸಿಲೋನಿಗೆ ಹೋದ ಗುರುಶಾಂತಮ್ಮನ ಗಂಡ ಷಣ್ಮುಖಪ್ಪ ಅಲ್ಲಿನ ಬೆಟ್ಟವೊಂದನ್ನು ಒಬ್ಬನೇ ಹತ್ತಿದ, ತಿರುಗಿ ಇಳಿಯಲಿಲ್ಲ, ಹೆಣವೂ ಸಿಗಲಿಲ್ಲ. ಇಷ್ಟೇ ನಮ್ಮ ಕೈಯಲ್ಲಿದ್ದ ಸಂಗತಿ.

"ಗೊತ್ತಾಗಾಕೆ ಇನ್ನೇನದೆ ದಫೇದಾರ್ರೇ?" ಎನ್ನುತ್ತ ಸಿದ್ದಮಲ್ಲಪ್ಪ ಬೀದಿ ಬಾಗಿಲಿನಿಂದ ಒಳಗೆ ಬಂದ.

ಕುಳ್ಳಮ್ಮನ ಮಗ ಇವನೇ. ಷಣ್ಮುಖಪ್ಪನಿಗೆ ದೊಡ್ಡಪ್ಪನ ಮಗ, ವಯಸ್ಸಿನಲ್ಲಿ ಹಿರಿಯ. ಬಿಸಿಲು ನೆತ್ತಿ ಸುಡುತ್ತಿದ್ದರೂ ಮೈಮೇಲೆ ಕರಿ ಉಣ್ಣೆ ಕೋಟು. ಊರಿನಲ್ಲಿ ಅವನಿಗಿಂತ ಅವನ ಕೋಟಿಗೇ ಮರ್ಯಾದೆ ಹೆಚ್ಚು. ಅದರ ಗುಂಡಿಗಳು ಜಿಂಕೆ ಕೊಂಬಿನವು, ಅಂತರಸಂತೆಯ ಆಚಾರಿಯೊಬ್ಬ ಕೆತ್ತಿಕೊಟ್ಟದ್ದು. ಆಚಾರಿಗೆ ಅದೇನು ತಿಕ್ಕಲೋ, ಒಂದೊಂದಕ್ಕೂ ಮೂರೇ ತೂತು. ಮುಖಕ್ಕಿಂತ ಮೊದಲು ಬಟ್ಟೆ ನೋಡುವುದು ನನ್ನ ಹಳೇ ಚಾಳಿ. ಮೇಲಿನಿಂದ ಮೂರನೆಯ ಗುಂಡಿ ಮಾತ್ರ ಅಂಗಡಿಯದು, ನಾಲ್ಕು ತೂತಿನದು. ದೊಡ್ಡ ಮನುಷ್ಯರ ಗುಂಡಿಯೂ ಕಿತ್ತುಹೋಗುತ್ತದೆ ಎಂದುಕೊಂಡು ಸುಮ್ಮನಾದೆ.

"ಅಯ್ನೋರು ಮಧ್ಯಾನ್ಕೆ ಬತ್ತಾರೆ" ಎಂದ ಅವನು. "ಹೆಣ ಸಿಕ್ಕಿಲ್ಲ, ಲಿಂಗ ಮಾತ್ರ ಸಿಕ್ಯದೆ. ಅದನ್ನೇ ಸಮಾಧಿ ಮಾಡಿ ಕ್ರಿಯೆ ಮುಗಿಸ್ಬುಡಾನ ಅಂತ."

"ಆಮೇಲೆ?"

"ಆಮೇಲೇನು? ಪಿರಿಯಾಪಟ್ಟಣದಲ್ಲಿ ಇವಳ ತೌರುಮನೆ ಅದೆ, ಒಂಟೋಗ್ತಾಳೆ. ಮಕ್ಕಳಿಲ್ಲ ಮರಿಯಿಲ್ಲ. ಹೊಲ, ಹೊಗೆಸೊಪ್ಪು ಒಣಗ್ಸೋ ಬ್ಯಾರನ್ನು ಎಲ್ಲಾ ನಾನು ನೋಡ್ಕತೀನಿ. ಕಾಗದಾನೂ ಬರೆಸಿವ್ನಿ." ಕೋಟಿನ ಜೇಬನ್ನು ತಟ್ಟಿ ತೋರಿಸಿದ.

"ಬರೆಸ್ಕಳಿ ಭಾವ" ಎಂದಳು ಗುರುಶಾಂತಮ್ಮ. "ಸಯ್ಯಿ ಮಾಡೋ ಕೈ ನಂದು. ಬಳೆ ಇರಾದೂ ಅದೇ ಕೈಲಿ."

ನನಗೆ ಆ ಹೆಣ್ಣುಮಗಳ ಮೇಲೆ ಅಭಿಮಾನ ಉಕ್ಕಿ ಬಂತು. ಸುದ್ದಿ ಬಂದ ಹನ್ನೊಂದು ದಿನದಿಂದ ಇಡೀ ಮನೆತನ ಅವಳ ಹಣೆಯ ಕುಂಕುಮದ ಮೇಲೆ ಕಣ್ಣಿಟ್ಟಿತ್ತು. ಹನ್ನೊಂದು ದಿನವೂ ಅವಳು ಬೆಳಗ್ಗೆ ಎದ್ದು ಅದನ್ನು ಕಾಸಿನಗಲ ಇಟ್ಟುಕೊಂಡೇ ನೀರಿಗೆ ಹೋಗಿದ್ದಳು.

"ಸಿದ್ದಮಲ್ಲಪ್ಪನೋರೆ, ನಿಮ್ಮ ತಮ್ಮ ಬೆಟ್ಟ ಹತ್ತಿದ ದಿನ ನೀವೆಲ್ಲಿದ್ರಿ?" ಎಂದು ಕೇಳಿದೆ.

"ನಾನಾ? ಅಂತರಸಂತೇಲಿ. ಎತ್ತು ನೋಡಾಕೆ ಓಗಿದ್ದೆ. ಇಪ್ಪತ್ತು ದಿನ ಅಲ್ಲೇ ಇದ್ದೆ."

"ಇಪ್ಪತ್ತು ದಿನ! ಎತ್ತು ತಂದ್ರಾ?"

"ಮನಸ್ಸಿಗೆ ಬರ್ಲಿಲ್ಲ. ಯಾಕ್ ಕೇಳ್ತೀರಿ? ಮೈಸೂರು ಸೀಮೆ ಗಡಿ ದಾಟಿದೋನಲ್ಲ ನಾನು, ಈ ಜಲ್ಮದಲ್ಲಿ."

ಇಪ್ಪತ್ತು ದಿನ ನೋಡಿಯೂ ಒಂದು ಎತ್ತು ಒಪ್ಪದ ರೈತನನ್ನು ನಾನು ನನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ. ಆದರೂ ಆ ಮಾತನ್ನು ಅಲ್ಲಿಗೇ ಬಿಟ್ಟೆ. ನಾನು ಬಂದದ್ದು ಇನ್ನೊಬ್ಬನನ್ನು ವಿಚಾರಿಸಲು.

ಆ ಇನ್ನೊಬ್ಬ ಗೋಡೆಯ ಬುಡದಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಮಿರ್ಲೆಯ ಚಲುವಯ್ಯ, ಒಕ್ಕಲಿಗರವನು, ಷಣ್ಮುಖಪ್ಪನ ಜೀವದ ಗೆಳೆಯ. ಜಾಫ್ನಾದ ಕಡೆ ಹೊಗೆಸೊಪ್ಪು ಹೇಗೆ ಬೆಳೆಯುತ್ತಾರೆ ನೋಡಿ ಬರೋಣವೆಂದು ಇಬ್ಬರೂ ಕೂಡಿ ರೈಲು ಹತ್ತಿ, ಧನುಷ್ಕೋಟಿಯಲ್ಲಿ ಹಡಗು ಹತ್ತಿ ಹೋಗಿದ್ದರು. ಇಬ್ಬರು ಹೋದವರಲ್ಲಿ ಒಬ್ಬನೇ ಬಂದ. ಜ್ವರ ಬಿದ್ದು ಎದ್ದವನ ಕೆನ್ನೆ ಒಳಕ್ಕೆ ಹೋಗಿತ್ತು.

ಅವನನ್ನು ಕೇಳುವ ಮೊದಲು ಗುರುಶಾಂತಮ್ಮ ಸೊಂಟದ ಗಂಟು ಬಿಚ್ಚಿ ಒಂದು ಕಾರ್ಡು ಕೊಟ್ಟಳು. ಸಿಲೋನಿನ ಸ್ಟಾಂಪು, ಷಣ್ಮುಖಪ್ಪನ ಗುಂಡು ಅಕ್ಷರ. ಮಡಿಸಿ ಮಡಿಸಿ ನಡುವೆ ಗೆರೆ ಬಿದ್ದಿತ್ತು. ನಾನು ಎಲ್ಲರಿಗೂ ಕೇಳುವ ಹಾಗೆ ಓದಿದೆ.

"ಇಲ್ಲಿ ಶಿವನ ಪಾದದ ಬೆಟ್ಟವಿದೆ. ಜನ ರಾತ್ರಿ ಹತ್ತಿ, ಹೊತ್ತು ಹುಟ್ಟುವುದನ್ನು ನೋಡಿ ಇಳಿಯುತ್ತಾರೆ. ನಾನು ನಾಳೆ ಬೆಳಗ್ಗೆ ಆರಕ್ಕೆ ಹೊರಟು ಹಗಲಿನಲ್ಲೇ ಹತ್ತಿ ಸಂಜೆಗೆ ಇಳಿಯುತ್ತೇನೆ. ಚಲುವನಿಗೆ ಜ್ವರ, ಆದ್ದರಿಂದ ಒಬ್ಬನೇ. ಅದೇ ಸರಿ. ಪಕ್ಕದಲ್ಲಿ ಮನುಷ್ಯ ಮಾತಾಡುತ್ತಿದ್ದರೆ ಬೆಟ್ಟ ಮಾತಾಡುವುದಿಲ್ಲ. ಮೆಟ್ಟಿಲು ಎಷ್ಟಿವೆ ಎಂದು ಎಣಿಸಿಕೊಂಡು ಬಂದು ನಿನಗೆ ಹೇಳುತ್ತೇನೆ."

ಎರಡು ವರ್ಷದ ಹಿಂದೆ ಬೆಟ್ಟದಪುರದ ಬೆಟ್ಟದಲ್ಲಿ ಅವನನ್ನು ಕಂಡದ್ದು ನೆನಪಾಯಿತು. ಬರಿಗಾಲು, ಹೆಗಲಿಗೆ ಬುತ್ತಿ, ತುಟಿ ಅಲ್ಲಾಡುತ್ತಿತ್ತು. "ಏನಪ್ಪ ಷಣ್ಮುಖಪ್ಪ" ಎಂದರೆ ಕೈಯೆತ್ತಿ ಮುಗಿದನೇ ಹೊರತು ಬಾಯಿ ಬಿಡಲಿಲ್ಲ. ಎಣಿಕೆ ತಪ್ಪುತ್ತದೆಂದು ಆಮೇಲೆ ತುದಿಯಲ್ಲಿ ಸಿಕ್ಕಾಗ ಹೇಳಿದ. ಅಂಥ ಹುಚ್ಚು ಅವನದು.

"ಮೆಟ್ಲು ಎಣಿಸ್ಕಂಡು ಬಂದು ಯೋಳ್ತೀನಿ ಅಂದೋರು ಯೋಳದೆ ಓಗೋರಲ್ಲ" ಎಂದಳು ಗುರುಶಾಂತಮ್ಮ. ಗದ್ದವನ್ನು ಮೇಲೆತ್ತಿದಳು.

"ಈಗ ನೀನು ಹೇಳು ಚಲುವಯ್ಯ" ಎಂದೆ. "ಒಂದೂ ಬಿಡದ ಹಾಗೆ."

"ಬೆಳಿಗ್ಗೆ ಒಂಟ ದಫೇದಾರ್ರೇ. ನಾನು ಛತ್ರದ ರೂಮಲ್ಲಿ ಕಂಬಳಿ ಹೊದ್ದು ಬಿದ್ದಿದ್ದೆ. ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಕಂಡ. ಜಿಗಣೆ ಕಾಟ ಜಾಸ್ತಿ ಅಂತ ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಬಳ್ಕಂಡ. ಸಂಜೆಗೆ ಬತ್ತೀನಿ ಕಣ್ಲಾ, ಗಂಜಿ ಕುಡ್ದು ಮನಿಕ್ಕೊ ಅಂದ. ಬರ್ಲಿಲ್ಲ."

"ಆಮೇಲೆ?"

"ಮಾರನೇ ದಿನ ಜ್ವರದಲ್ಲೇ ನಾನೂ ಬೆಟ್ಟ ಅತ್ತಿದೆ. ತೋಟದ ಕೂಲಿಯೋರ್ನ ಕರ್ಕಂಡು ಮೂರು ದಿನ ಹುಡುಕ್ದೆ. ಮೇಲೆ ಗಂಟೆ ಅದೆ, ಹತ್ತಿದೋರು ಬಾರಿಸ್ಬೇಕು. ಅವತ್ತು ಮಧ್ಯಾನ್ದಿಂದ ಗಂಟೇನೇ ಕೇಳ್ಳಿಲ್ಲ ಅಂತ ಮೇಲಿನ ಪೂಜಾರಿ ಅಂದ್ರು. ದಾರಿ ಪಕ್ಕ ಒಂದು ಕೊರಕಲ ತಾವ ಇವನ ದೊಣ್ಣೆ, ಟವಲ್ಲು ಬಿದ್ದಿತ್ತು. ಕೆಳಗೆ ನೋಡಿದ್ರೆ ಮೋಡ, ತಳ ಕಾಣಾಕಿಲ್ಲ. ಅಲ್ಲಿನ ಪೊಲೀಸ್ನೋರು ಬರ್ಕಂಡ್ರು, ಅಷ್ಟೇಯ."

"ಅವನ ಲಿಂಗದ ಕರಡಿಗೆ?"

ಚಲುವಯ್ಯ ನೆಲ ನೋಡಿದ. "ಅದು ರೂಮಲ್ಲಿತ್ತು. ಅವನ ದಿಂಬಿನ ಮೇಲೆ. ತೆಗೆದಿಟ್ಟು ಓಗಿದ್ದ."

ಕರಡಿಗೆ ದೇವರ ಗೂಡಿನಲ್ಲಿ, ಕೆಂಪು ಬಟ್ಟೆಯಲ್ಲಿ ಗಂಟು ಹಾಕಿದ್ದು ನನಗೆ ಕಾಣುತ್ತಿತ್ತು. ನಾನು ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಶಿವದಾರ ಹಿಡಿದು ನನ್ನ ಕರಡಿಗೆಯನ್ನೇ ಹೊರಗೆಳೆದೆ.

"ನೋಡಪ್ಪ ಚಲುವಯ್ಯ. ನಾನು ತೊಟ್ಟಿಲಲ್ಲಿದ್ದಾಗ ಕಟ್ಟಿದ ಲಿಂಗ ಇದು. ಕಳ್ಳನ ಹಿಂದೆ ಓಡಿದಾಗ ಇತ್ತು, ಹೊಳೆಗೆ ಬಿದ್ದಾಗ ಇತ್ತು, ಆಸ್ಪತ್ರೇಲಿ ಹೊಟ್ಟೆ ಕೊಯ್ದಾಗಲೂ ಡಾಕ್ಟರ ಹತ್ತಿರ ಜಗಳ ಆಡಿ ಕೈಯಲ್ಲಿ ಹಿಡ್ಕೊಂಡಿದ್ದೆ. ಮಣ್ಣಿಗೆ ಹೋಗುವಾಗಲೂ ಜೊತೆಗೇ ಬರ್ತದೆ. ಲಿಂಗ ಕಟ್ಟಿದವನು ಅದನ್ನ ದಿಂಬಿನ ಮೇಲೆ ಬಿಟ್ಟು ಬಚ್ಚಲಿಗೂ ಹೋಗೋದಿಲ್ಲ. ಷಣ್ಮುಖಪ್ಪ ಶಿವನ ಪಾದ ನೋಡೋಕೆ ಹೋಗುವಾಗ ಬಿಟ್ಟು ಹೋದನಾ?"

ಚಲುವಯ್ಯ ತಲೆ ಎತ್ತಿದ.

"ದೇವರ ಬೆಟ್ಟ ಅತ್ತುವಾಗ ನಮ್ಮೋರು ಮೈಮೇಲಿರೋ ಒಡವೆ ತೆಗೆದಿಟ್ಟು ಓಗ್ತಾರೆ ದಫೇದಾರ್ರೇ. ನಾನು ಅಂಗೇ ಅಂತ..."

"ಇದು ಒಡವೆಯಲ್ಲ ಕಣಯ್ಯ. ಸುಳ್ಳು ಹೇಳೋದಾದ್ರೆ ನಮ್ಮ ಮನೆಯ ಸುಳ್ಳನ್ನಾದರೂ ಹೇಳಬೇಕಿತ್ತು. ನೀನು ನಿಮ್ಮ ಮನೆಯ ಸುಳ್ಳು ತಂದು ನಮ್ಮ ಮನೇಲಿ ಹೇಳಿದ್ದೀಯ. ಅವನನ್ನ ನೀನು ಏನು ಮಾಡಿದೆ?"

"ಕೇಳಿಸ್ಕಂಡ್ಯಾ ಗುರುಶಾಂತಿ?" ಎಂದ ಸಿದ್ದಮಲ್ಲಪ್ಪ ತಟ್ಟನೆ. "ಜೊತೆಗೋದೋನೇ ಕೊರಕಲಿಗೆ ನೂಕವ್ನೆ! ಇವನ್ನ ಸ್ಟೇಷನ್ಗೆ ಎಳ್ಕಂಡೋಗಿ ದಫೇದಾರ್ರೇ. ಇತ್ಲಾಗೆ ಕ್ರಿಯೆ ನಾವು ಮುಗಿಸ್ತೀವಿ."

ಚಲುವಯ್ಯ ಗೋಡೆ ಹಿಡಿದು ಎದ್ದ. ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ಹೆದರಿಕೆ ಇರಲಿಲ್ಲ.

"ಸ್ಟೇಷನ್ನಿಗಲ್ಲ, ನೇಣಿಗೆ ಆಕಿ, ಬತ್ತೀನಿ. ಷಣ್ಮುಖನ್ನ ನಾನು ನೂಕ್ದೆ ಅಂತ ಮಾತ್ರ ಒಪ್ಪಾಕಿಲ್ಲ. ಸುಳ್ಳು ಯೋಳಿದ್ದು ದಿಟ. ಕರಡಿಗೆ ದಿಂಬಿನ ಮೇಲಿರ್ಲಿಲ್ಲ. ನಾಕನೇ ದಿನ, ನಾನು ಒಂಟು ನಿಂತಾಗ, ತೋಟದ ಮುದುಕಿಯೊಬ್ಬಳು ಮೈಸೂರೋರು ಯಾರು, ಮೈಸೂರೋರು ಯಾರು ಅಂತ ಕೇಳ್ಕಂಡು ಬಂದು ನನ್ನ ಕೈಲಿ ಇಟ್ಳು."

"ಅದನ್ನ ಯಾಕೆ ಮುಚ್ಚಿಟ್ಟೆ?"

"ಕೊರಳಿಂದ ಲಿಂಗ ಬಿದ್ದೋಗಿ ಯಾರದೋ ಕೈಗೆ ಸಿಕ್ತು ಅಂತ ಈ ತಾಯಿಗೆ ಎಂಗೆ ಯೋಳ್ಲಿ? ಲಿಂಗ ಕಳ್ಕಂಡೋನು ಬದುಕಿದ್ರೂ ಸತ್ತಂಗೆ ಅಂತ ಅವನೇ ಒಂದಿನ ಅಂದಿದ್ದ. ನೆಮ್ಮದಿಯಾಗಿ ತೆಗೆದಿಟ್ಟು ಓದ ಅಂದ್ರೆ ಕೇಳೋರಿಗೆ ಹಗುರಾಯ್ತದೆ ಅನ್ಕಂಡೆ. ನಂಗೇನು ಗೊತ್ತು ಅದೇ ದೊಡ್ಡ ತಪ್ಪು ಅಂತ."

ನನಗೆ ಅವನ ಮೇಲಿದ್ದ ಸಿಟ್ಟು ಇಳಿಯಿತು. ಮೂವತ್ತು ವರ್ಷ ಸುಳ್ಳು ಕೇಳಿದ ಕಿವಿ ನನ್ನದು. ಇಷ್ಟು ಪೆದ್ದು ಸುಳ್ಳನ್ನು ಕೊಲೆಗಾರ ಹೇಳುವುದಿಲ್ಲ, ಸ್ನೇಹಿತ ಹೇಳುತ್ತಾನೆ.

"ಆ ಮುದುಕಿ ಏನಂದಳು? ಅವಳು ಆಡಿದ ಮಾತನ್ನೇ ಹೇಳು."

"ತಮಿಳು. ನಂಗೆ ಅರ್ಧಂಬರ್ಧ. ವೀಟು, ವೀಟು ಅಂದ್ಲು. ವೀಟು ಅಂದ್ರೆ ಮನೆ ತಾನೆ? ಮನೆಗೆ ತಲುಪಿಸು ಅಂತ ತಿಳ್ಕಂಡೆ. ಅದಕ್ಕೇ ತಂದು ಮನೆ ಹಿರೀಕ್ರು ಅಂತ ಸಿದ್ದಮಲ್ಲಪ್ಪನೋರ ಕೈಗೆ ಕೊಟ್ಟೆ."

"ಬರೀ ವೀಟು ಅಂದಳಾ?"

ಅವನು ಕಣ್ಣು ಮುಚ್ಚಿ ನೆನಪಿಸಿಕೊಂಡ. "ವೀಟು... ವೀಟ್ಟುಕ್ಕಾರಿ. ವೀಟ್ಟುಕ್ಕಾರಿ ಕೈಯಿಲೆ, ಅಂತ ಎರಡು ಸಲ ಅಂದ್ಲು. ಕೈ ಅದುಮಿ ಅಂದ್ಲು."

ಚಿನ್ನದ ಗಣಿಯಲ್ಲಿ ಆರು ವರ್ಷ ಡ್ಯೂಟಿ ಮಾಡಿದ್ದು ನನಗೆ ಆ ಹೊತ್ತು ಸಾರ್ಥಕವಾಯಿತು. ಅಲ್ಲಿನ ತಮಿಳು ಕೂಲಿಗಳ ಜಗಳ ಬಿಡಿಸಿ ಬಿಡಿಸಿ ಆ ಮಾತು ನನಗೆ ಬಾಯಿಪಾಠವಾಗಿತ್ತು.

"ಚಲುವಯ್ಯ, ವೀಟು ಅಂದ್ರೆ ಮನೆ. ವೀಟ್ಟುಕ್ಕಾರಿ ಅಂದ್ರೆ ಹೆಂಡತಿ. ಹೆಂಡತಿ ಕೈಯಲ್ಲಿ ಕೊಡು ಅಂದಿದ್ದಾಳೆ ಅವಳು."

ಕುಳ್ಳಮ್ಮ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು.

"ದಾರೀಲಿ ಕರಡಿಗೆ ಬಿದ್ದು ಸಿಕ್ಕಿದ್ರೆ," ಎಂದೆ ನಾನು, "ಅದರ ಯಜಮಾನನಿಗೆ ಹೆಂಡತಿ ಇದ್ದಾಳೆ ಅಂತ ತೋಟದ ಮುದುಕಿಗೆ ಹೇಗೆ ಗೊತ್ತಾಯ್ತು? ಯಾರೋ ಹೇಳಿ ಕಳಿಸಿದ್ದಾರೆ. ಬಾಯಿ ಇದ್ದವರು, ಉಸಿರು ಇದ್ದವರು."

ಗುರುಶಾಂತಮ್ಮ ಕಂಬ ಬಿಟ್ಟು ಮುಂದೆ ಬಂದಳು.

"ಮುದುಕಿ ಮಾತು ಕಟ್ಕಂಡು ಕ್ರಿಯೆ ನಿಲ್ಸಾಕಾಯ್ತದಾ?" ಎಂದು ಸಿದ್ದಮಲ್ಲಪ್ಪ ನಡುವೆ ನಿಂತ. "ಯೇ, ಗೂಡಿಗೆ ಕೈ ಆಕಬೇಡ! ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಬಾರ್ದು ಅಂತ ಗೊತ್ತಿಲ್ವಾ ನಿಂಗೆ? ನಾನೇ ಬಿಚ್ಚಿ ನೋಡಿಲ್ಲ. ಅಯ್ನೋರು ಬರಾಗಂಟ ಅದನ್ನ ತೆಗೆಯಂಗಿಲ್ಲ."

"ನನ್ನ ಕೊರಳಲ್ಲೂ ಲಿಂಗ ಅದೆ ಭಾವ. ಶಾಸ್ತ್ರ ನಂಗೂ ಗೊತ್ತು" ಎಂದು ಅವಳು ಅವನ ತೋಳಿನ ಕೆಳಗೇ ನುಸುಳಿ ಕೆಂಪು ಗಂಟನ್ನು ಕೈಗೆ ತೆಗೆದುಕೊಂಡಳು.

ಅಷ್ಟರಲ್ಲೇ ನಿಂತುಬಿಟ್ಟಳು. ಗಂಟನ್ನು ಕಿವಿಯ ಹತ್ತಿರ ತಂದು ಮೆಲ್ಲಗೆ ಅಲ್ಲಾಡಿಸಿದಳು. ಒಳಗೆ ಏನೋ ಖಟ್ ಖಟ್ ಅಂದಿತು. ನನಗೂ ಕೇಳಿಸಿತು.

"ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಅವರ ಪೂಜೆಗೆ ನೀರು ಕೊಟ್ಟೋಳು ನಾನು" ಎಂದಳು. "ಪೂಜೆ ಮುಗುದ್ಮೇಲೆ ಲಿಂಗಾನ ಬಟ್ಟೇಲಿ ಸುತ್ತಿ ಒಳಗಿಡ್ತಾರೆ. ಓಡಿದ್ರೂ ಕುಣಿದ್ರೂ ಸದ್ದಾಗಾಕಿಲ್ಲ. ಲಿಂಗ ಮುಟ್ಟಬಾರ್ದು, ಸರಿ. ಇದರೊಳಗೆ ಲಿಂಗ ಇದ್ರೆ ತಾನೆ?"

ಸಿದ್ದಮಲ್ಲಪ್ಪ ಕಿತ್ತುಕೊಳ್ಳಲು ಕೈ ಚಾಚಿದ. ಚಲುವಯ್ಯ ಅವನ ಮುಂ‌ಗೈ ಹಿಡಿದ. ಜ್ವರದಲ್ಲಿ ಬಡಕಲಾದವನಿಗೆ ಅಷ್ಟು ಕಸುವು ಎಲ್ಲಿಂದ ಬಂತೋ, ಕೈ ಬಿಡಲಿಲ್ಲ.

ಅವಳು ಗಂಟು ಬಿಚ್ಚಿ ಬೆಳ್ಳಿಯ ಮುಚ್ಚಳ ತಿರುಗಿಸಿದಳು.

ಕರಡಿಗೆಯಲ್ಲಿ ಲಿಂಗ ಇರಲಿಲ್ಲ. ಸುತ್ತಿದ ಬಟ್ಟೆಯೂ ಇರಲಿಲ್ಲ.

"ಷಣ್ಮುಖಪ್ಪ ಲಿಂಗಾನ ಬಟ್ಟೇಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾನೆ" ಎಂದೆ. ನನ್ನ ದನಿಯೇ ನನಗೆ ದೊಡ್ಡದಾಗಿ ಕೇಳಿಸಿತು. "ಬೆಳ್ಳಿ ಕಳಿಸಿ ಲಿಂಗ ಇಟ್ಟುಕೊಂಡಿದ್ದಾನೆ. ಕದ್ದವನಾದರೆ ಬೆಳ್ಳಿ ಇಟ್ಟುಕೊಂಡು ಲಿಂಗ ಎಸೀತಿದ್ದ."

ಗುರುಶಾಂತಮ್ಮ ಕೇಳಿಸಿಕೊಂಡಳೋ ಇಲ್ಲವೋ. ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮೊಳೆಯಿಂದಲೋ ಮುಳ್ಳಿನಿಂದಲೋ ಗೀಚಿದ ನಾಲ್ಕು ಅಂಕಿ, ಅದೇ ಗುಂಡು ಅಕ್ಷರ. ೩೯೧೨.

"ಎಣಿಸವ್ರೆ" ಎಂದಳು. ಅಷ್ಟು ದಿನ ಒಂದು ಹನಿ ಹಾಕದಿದ್ದವಳು ಆಗ ಅತ್ತಳು, ಅಳುತ್ತಲೇ ನಕ್ಕಳು. "ದಫೇದಾರ್ರೇ, ಎಣಿಸವ್ರೆ ಕಣ್ರೀ! ನಂಗೆ ಯೋಳ್ತೀನಿ ಅಂದಿದ್ರಲ್ಲ, ಯೋಳವ್ರೆ!"

"ಆದ್ರೆ ಅಲ್ಲಿ ಐದು ಸಾವಿರಕ್ಕೂ ಮೇಲೆ ಅವೆ ಅಂತ ಛತ್ರದೋರು ಅಂದಿದ್ರು" ಎಂದ ಚಲುವಯ್ಯ. "ಇದು ತುದಿ ಲೆಕ್ಕ ಅಲ್ಲ."

"ಹೌದು" ಎಂದೆ. "ಎಣಿಕೆ ತಪ್ಪಿದ ಜಾಗ. ಅಲ್ಲಿ ಅವನನ್ನ ಯಾರೋ ನಿಲ್ಲಿಸಿದ್ದಾರೆ."

ಗುರುಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕರಡಿಗೆಯನ್ನು ಅಂಗೈ ಮೇಲೆ ಬೋರಲು ಹಾಕಿದಳು. ಖಟ್ ಖಟ್ ಅನ್ನುತ್ತಿದ್ದದ್ದು ಹೊರಗೆ ಬಿತ್ತು. ಕಂದು ಬಣ್ಣದ್ದು, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ಅದಕ್ಕೆ ಕರಿ ಉಣ್ಣೆಯ ನಾಲ್ಕು ಎಳೆ ಇನ್ನೂ ಅಂಟಿಕೊಂಡಿತ್ತು.

ಅವಳು ಅದನ್ನು ಬೆರಳಲ್ಲಿ ತಿರುಗಿಸಿ ತೂತುಗಳನ್ನು ಎಣಿಸಿದಳು, ಗಂಡ ಮೆಟ್ಟಿಲು ಎಣಿಸುವ ಹಾಗೆ, ತುಟಿ ಅಲ್ಲಾಡಿಸುತ್ತ.

"ಒಂದು. ಎರಡು. ಮೂರು."

ಕುಂಬಳಕಾಯಿ ಕಳ್ಳ ಯಾರೆಂದು ಇನ್ನೂ ಯಾರೂ ಕೇಳಿರಲಿಲ್ಲ. ಸಿದ್ದಮಲ್ಲಪ್ಪನ ಇನ್ನೊಂದು ಕೈ ತಾನಾಗಿಯೇ ಕೋಟಿನ ಮೂರನೆಯ ಗುಂಡಿಗೆ ಹೋಗಿತ್ತು.

ಕುಳ್ಳಮ್ಮ ಮಗನ ಕೈಯನ್ನು ನೋಡಿದಳು. ತಟ್ಟೆ ಅವಳ ಕೈಯಿಂದ ಜಾರಿ, ವಿಭೂತಿ ನೆಲದ ತುಂಬ ಚೆಲ್ಲಿತು.

ಗುರುಶಾಂತಮ್ಮ ಬಳೆಯ ಕೈಯನ್ನು ಅವನ ಮುಖದೆದುರಿಗೇ ಚಾಚಿ, ಅಂಗೈಯಲ್ಲಿದ್ದ ಗುಂಡಿಯನ್ನು ತೋರಿಸಿದಳು.

"ಭಾವ, ಎತ್ತು ನೋಡಾಕೆ ಓದ್ರಲ್ಲ. ಅಂತರಸಂತೇಲಿ ಎಷ್ಟು ಮೆಟ್ಲು ಅತ್ತಿದ್ರಿ ನೀವು?"

ಸಿದ್ದಮಲ್ಲಪ್ಪ ಚಲುವಯ್ಯನ ಹಿಡಿತದಿಂದ ಒಂದೇ ಸಲಕ್ಕೆ ಕೈ ಕಿತ್ತುಕೊಂಡು ಹಿಂದಕ್ಕೆ ಸರಿದ. ಓಡುತ್ತಾನೆಂದು ನಾನು ದೊಣ್ಣೆ ಎತ್ತಿದೆ. ಅವನು ಓಡಲಿಲ್ಲ. ಬೀದಿ ಬಾಗಿಲನ್ನು ಒಳಗಿನಿಂದ ಮುಚ್ಚಿ ಅಗಳಿ ಎಳೆದ. "ಆ ಗುಂಡಿ ಈ ಬಾಗಿಲು ದಾಟಾಕಿಲ್ಲ" ಎಂದ.